ವಾರಕ್ಕೊಂದು ಒಳಲೆ ಮಾಲ್ಟು

ಮೊನ್ನೆ ಕುಮಟೆಯ ಡಾಕ್ಟರೊಬ್ಬರು ನನ್ನ ಎದೆ, ಬೆನ್ನು, ನಾಲಗೆ ಎಲ್ಲ ನೋಡಿ ಮುಗಿಸಿ, "ರಾತ್ರಿ ಅನ್ನ ಬಿಡಿ, ಅದರ ಬದಲು ಒಂದು ಲೋಟ ಮಾಲ್ಟ್ ಕುಡಿಯಿರಿ" ಎಂದರು. ನಾನು ನಕ್ಕುಬಿಟ್ಟೆ. ಅವರು ಹೇಳಿದ್ದು ರಾಗಿ ಮಾಲ್ಟು ಎಂಬುದು ನನಗೇನು ತಿಳಿಯದ ಸಂಗತಿಯಲ್ಲ. ಆದರೆ ಆ ಶಬ್ದ ಕಿವಿಗೆ ಬಿದ್ದರೆ ನನ್ನ ಬಾಯಿಗೆ ರಾಗಿಯ ರುಚಿ ಬರುವುದೇ ಇಲ್ಲ. ಹೊಗೆ ಹಿಡಿದ ಅಟ್ಟ ತೊಳೆದ ನೀರಿನ ರುಚಿ ಬರುತ್ತದೆ. ಡಾಕ್ಟರು ಚಿಕ್ಕ ಪ್ರಾಯದವರು. "ಯಾಕೆ ನಗ್ತೀರಿ?" ಎಂದು ಕೇಳಿದರು. "ಹಳೆಯ ಕಾಯಿಲೆಯೊಂದು ನೆನಪಾಯಿತು" ಎಂದೆ. "ಯಾವ ಕಾಯಿಲೆ?" ಎಂದು ಅವರು ಪೆನ್ನು ಎತ್ತಿಕೊಂಡರು. ಹೊರಗೆ ಬೆಂಚಿನ ಮೇಲೆ ಜನ ಕೆಮ್ಮುತ್ತಾ ಕೂತಿದ್ದರು, ಅಷ್ಟು ದೊಡ್ಡ ಕತೆ ಅಲ್ಲಿ ಹೇಳುವಂತಿರಲಿಲ್ಲ. ನಿಮಗಾದರೆ ಹೇಳಬಹುದು, ನಿಮ್ಮ ಹಿಂದೆ ಯಾರೂ ಕೆಮ್ಮುತ್ತಿಲ್ಲ.

ಆಗ ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿ ಕೆಲವು ವರ್ಷಗಳಾಗಿದ್ದವು. ಜಿಲ್ಲೆಯೇನೋ ಬಂತು. ಆದರೆ ಮುಂಬಯಿಯವರು ನಮ್ಮ ಬಾಯಿಗೆ ಹಾಕಿದ್ದ ಪಾನನಿರೋಧದ ಬೀಗವೂ ಅದರ ಜೊತೆಗೇ ಬಂತು. ಹಾಗೆಂದು ಊರು ಒಣಗಿಹೋಗಿತ್ತು ಎಂದುಕೊಳ್ಳಬೇಡಿ. ಗೇರುಹಣ್ಣಿನ ಕಾಲದಲ್ಲಿ ಕೆಲವು ಹಿತ್ತಲುಗಳ ಕಡೆಯಿಂದ ಬೀಸುವ ಗಾಳಿಗೇ ತಲೆ ತಿರುಗುತ್ತಿತ್ತು. ಆದರೆ ಅದು ಶೆರೆ, ಹಿತ್ತಲಲ್ಲಿ ಇಳಿಸಿದ ಸಾರಾಯಿ. ಕುಡಿದವನು ಗಟಾರದ ಬದಿಗೆ ಮಲಗುತ್ತಿದ್ದ, ಹೆಂಡತಿ ಬಂದು ಬೈದು ಎಬ್ಬಿಸಿಕೊಂಡು ಹೋಗುತ್ತಿದ್ದಳು. ವಿಸ್ಕಿಯ ಜಾತಿಯೇ ಬೇರೆ ಎಂದು ನಮ್ಮ ನಂಬಿಕೆ. ಅದನ್ನು ಕಲೆಕ್ಟರುಗಳೂ ಹಡಗಿನ ಕಪ್ತಾನರೂ ಕುರ್ಚಿಯ ಮೇಲೆ ಕೂತು ಕುಡಿಯುತ್ತಾರೆ, ಕುಡಿದ ಮೇಲೆ ಇಂಗ್ಲಿಷ್ ಮಾತಾಡುತ್ತಾರೆ ಎಂದು ಕೇಳಿದ್ದೆವು.

ಶರಾವತಿಗೆ ಆಗ ಸೇತುವೆ ಇರಲಿಲ್ಲ. ಭಟ್ಕಳದ ಕಡೆಯ ಬಸ್ಸು ಆಚೆ ದಡಕ್ಕೆ ಬಂದು ನಿಲ್ಲುತ್ತಿತ್ತು, ಕುಮಟೆಯ ಕಡೆಯದು ಈಚೆ ಹೊನ್ನಾವರದಲ್ಲಿ. ನಡುವೆ ಜನ ಲಾಂಚಿನಲ್ಲಿ ಹೊಳೆ ದಾಟಬೇಕು. ಆ ಲಾಂಚಿಗೆ ಟಿಕೇಟು ಹರಿದು ಕೊಡುವ ಬಾಬು ನಾನು. ಮನೆ ಆಚೆ ದಡದ ಮಂಕಿಯಲ್ಲಿ. ಮನೆಯಲ್ಲಿ ಅವ್ವ ಮತ್ತು ನಾನು, ಇಬ್ಬರೇ.

ಬಂದರಿನ ಬಾಯಲ್ಲೇ ದಾಮುವಿನ ಸೋಡಾ ಅಂಗಡಿ. ದಾಮು ಕೊಂಕಣಿಯವನು, ನನ್ನ ಶಾಲೆಯ ಗೆಳೆಯ. ಮುಂದಿನ ಕೋಣೆಯಲ್ಲಿ ಗೋಲಿ ಸೋಡಾ ಮಾರುವುದು, ಹಿಂದಿನ ಕೋಣೆಯಲ್ಲಿ ಯಂತ್ರ ತಿರುಗಿಸಿ ಗ್ಯಾಸು ತುಂಬುವುದು. ಆ ಹಿಂದಿನ ಕೋಣೆಯೇ ನಮ್ಮ ಕ್ಲಬ್ಬು, ನಮ್ಮ ಬಾರು, ನಮ್ಮ ದರ್ಬಾರು. ಮೂರನೆಯವನು ಇಸ್ಮಾಯಿಲ್. ಭಟ್ಕಳದವನು, ಸೈಕಲ್ಲಿಗೆ ಬಟ್ಟೆಯ ಗಂಟು ಕಟ್ಟಿಕೊಂಡು ಹೊನ್ನಾವರ, ಕುಮಟೆ, ಹಿರೇಗುತ್ತಿಯವರೆಗೂ ಮನೆಮನೆ ತಿರುಗಿ ಸೀರೆ ಮಾರುತ್ತಿದ್ದ. ಅವನಿಗೆ ಎರಡು ನೇಮಗಳಿದ್ದವು. ಒಂದು, ಹೆಂಡ ಮುಟ್ಟುವುದಿಲ್ಲ. ಇನ್ನೊಂದು, ಸುಳ್ಳು ಹೇಳುವುದಿಲ್ಲ. "ಕೇಳಿದ್ರೆ ಹೇಳ್ತೆ, ಕೇಳ್ದಿದ್ರೆ ನಾನಾಗಿ ಹೇಳೂದಿಲ್ಲ" ಎನ್ನುತ್ತಿದ್ದ. ಸೀರೆ ಮಾರುವವನು ಸುಳ್ಳು ಹೇಳದೆ ಹೇಗೆ ಬದುಕಿದ ಎಂದು ನನಗೆ ಇವತ್ತಿಗೂ ಆಶ್ಚರ್ಯ.

ಇಂಥ ಹೊತ್ತಿನಲ್ಲಿ ದಾಮುವಿನ ಚಿಕ್ಕಪ್ಪನ ಮಗ, ಹಡಗಿನಲ್ಲಿ ಅಡಿಗೆ ಮಾಡುವವನು, ರಜೆಗೆ ಬಂದಾಗ ಲುಂಗಿಯಲ್ಲಿ ಸುತ್ತಿ ಒಂದು ಬಾಟ್ಲಿ ತಂದುಕೊಟ್ಟ. ಶನಿವಾರ ಸಂಜೆ ಮೂವರೂ ಬಾಗಿಲು ಹಾಕಿಕೊಂಡು ಅದರ ಚೀಟಿ ಓದಲು ಕೂತೆವು. ಹೆಸರು ಹೇಳಲು ಮೂವರ ನಾಲಗೆಯೂ ಹೊರಳಲಿಲ್ಲ. ಕೆಳಗೆ ಇಂಗ್ಲಿಷಿನಲ್ಲಿ 'ಮಾಲ್ಟ್ ವಿಸ್ಕಿ' ಎಂದಿತ್ತು.

"ಕಸಲೇ ರೇ, ಎಂತದು ಇದು? ಮಾಲ್ಟ್ ಅಂದ್ರೆ ಕೂಸುಗಳಿಗೆ ಕೊಡೂದು ಅಲ್ವಾ?" ಎಂದ ದಾಮು. ಅವನ ಅಕ್ಕ ಹೆರಿಗೆಗೆ ಬಂದಾಗ ಔಷಧದ ಅಂಗಡಿಯಿಂದ ಮಾಲ್ಟಿನ ಡಬ್ಬಿ ತಂದವನು ಅವನೇ.

"ಹಂಗಾದ್ರೆ ಪುಷ್ಟಿಗೆ ಒಳ್ಳೇದು" ಎಂದೆ ನಾನು.

ಎಷ್ಟು ಕುಡಿಯಬೇಕು ಎಂಬುದು ಮುಂದಿನ ಪ್ರಶ್ನೆ. ಚೀಟಿಯಲ್ಲಿ ಬರೆದಿರಲಿಲ್ಲ. ಔಷಧಕ್ಕೆ ಪ್ರಮಾಣ ಇದ್ದೇ ಇರುತ್ತದೆ ಎಂದು ದಾಮು ಹಟ ಹಿಡಿದ. ಕೊನೆಗೆ ಮನೆಗೆ ಹೋಗಿ ಅಕ್ಕನ ಕೂಸಿನ ಒಳಲೆ ತಂದ. ಒಳಲೆ ಗೊತ್ತಲ್ಲ, ಕೂಸುಗಳಿಗೆ ಹಾಲು, ಔಷಧ ಕುಡಿಸುವ, ಕೊಕ್ಕಿರುವ ಪುಟ್ಟ ಬಟ್ಟಲು. ನನಗೂ ಒಳಲೆಗೂ ಹಳೆಯ ವೈರ. ಚಿಕ್ಕಂದಿನಲ್ಲಿ ಅವ್ವ ನನ್ನನ್ನು ಕಾಲ ಮೇಲೆ ಅಂಗಾತ ಕೆಡವಿ, ಮೂಗು ಹಿಡಿದು, ಒಳಲೆಯಿಂದ ಹರಳೆಣ್ಣೆ ಸುರಿಯುತ್ತಿದ್ದಳು. ಅರ್ಧ ಊರಿಗೆ ಹೊತ್ತು ನನ್ನ ಕೂಗಿನಿಂದಲೇ ಗೊತ್ತಾಗುತ್ತಿತ್ತಂತೆ. ಅಂಥ ಒಳಲೆ ಕಲೆಕ್ಟರ ವಿಸ್ಕಿ ತುಂಬಿಕೊಂಡು ಎದುರಿಗೆ ಬಂದಾಗ ನನಗೆ ಒಂದು ಕ್ಷಣ ಮೂಗು ಮುಚ್ಚಿಕೊಳ್ಳುವಂತಾಯಿತು.

ತಲೆಗೊಂದು ಒಳಲೆ, ಅದರ ಮೇಲೆ ಗೋಲಿ ಸೋಡಾ. ನಾನು ಕಣ್ಣು ಮುಚ್ಚಿ ಕುಡಿದೆ. ಹೇಳಿದೆನಲ್ಲ, ಹೊಗೆ ಹಿಡಿದ ಅಟ್ಟ ತೊಳೆದ ನೀರು. ದಾಮುವಿನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ಇಬ್ಬರಿಗೂ ಚೆನ್ನಾಗಿಲ್ಲ ಎನ್ನುವ ಧೈರ್ಯವಿಲ್ಲ.

"ಎಂತ ಚಂದ ಅದೆ ಮಾರಾಯ" ಎಂದೆ.

"ಅಮೃತ" ಎಂದ ದಾಮು, ಕಣ್ಣೊರೆಸಿಕೊಳ್ಳುತ್ತ.

ಇಸ್ಮಾಯಿಲ್ ಬಾಳೆಲೆಯಲ್ಲಿ ಕಟ್ಟಿಸಿಕೊಂಡು ಬಂದಿದ್ದ ಹುರಿದ ಬಂಗಡೆಯನ್ನು ತಾನೇ ತಿನ್ನುತ್ತ, ಬರೀ ಸೋಡಾ ಕುಡಿಯುತ್ತ, ನಮ್ಮಿಬ್ಬರನ್ನು ನೋಡಿ ನಗುತ್ತಿದ್ದ. ವಿಚಿತ್ರ ಏನೆಂದರೆ, ಸ್ವಲ್ಪ ಹೊತ್ತಾದ ಮೇಲೆ ಹಾಡತೊಡಗಿದವನು ಅವನೇ. ಸೋಡಾದ ಗ್ಯಾಸಿಗೆ ಕಣ್ಣು ಕೆಂಪಾಗಿ, ನನ್ನ ಹೆಗಲ ಮೇಲೆ ಕೈಹಾಕಿ, "ಭಾಯಿ, ನೀ ನನ್ನ ತಮ್ಮ ಇದ್ದಂಗೆ" ಎಂದು ಅತ್ತ. ಲಾಂಚು ಹತ್ತಲು ನಾವು ಹೊರಟಾಗ ದಾರಿಯಲ್ಲಿ ಕಂಡವರೆಲ್ಲ ಅವನನ್ನೇ ಅನುಮಾನದಿಂದ ನೋಡಿದರು. ಹೀಗೆ ಶನಿವಾರ ಬಂತೆಂದರೆ ಒಂದೊಂದು ಒಳಲೆ, ಒಂದಿಷ್ಟು ಬಂಗಡೆ, ಇಸ್ಮಾಯಿಲನ ಹಾಡು. ಮೂರನೆಯ ವಾರದಿಂದ ಅಟ್ಟದ ನೀರಿನಲ್ಲೂ ಒಂದು ರುಚಿ ಕಾಣತೊಡಗಿತು. ಸತ್ಯ ಹೇಳುತ್ತೇನೆ, ಆ ಹಿಂದಿನ ಕೋಣೆಯಲ್ಲಿ ಖಾಲಿ ಪೆಟ್ಟಿಗೆಗಳ ಮೇಲೆ ಕೂತು ಪಟ್ಟ ಸುಖ ನನಗೆ ಮುಂದೆ ಯಾವ ಬಾರಿನಲ್ಲೂ ಸಿಗಲಿಲ್ಲ.

ಬಾರಿನ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಪಾನನಿರೋಧ ಹೋದ ಮೇಲೆ ಕುಮಟೆಯಲ್ಲಿ ಪರದೆ ಕಟ್ಟಿದ ಬಾರೊಂದು ಶುರುವಾಯಿತು. ದಾಮು ಮತ್ತು ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ ಕುರ್ಚಿಯ ಮೇಲೆ ಕೂತೆವು. "ಮಾಲ್ಟ್ ಅದೆಯಾ?" ಎಂದು ದಾಮು ಗತ್ತಿನಿಂದ ಕೇಳಿದ. ಮಾಣಿ ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅದೆಲ್ಲ ಇಲ್ಲಿ ಸಿಗೂದಿಲ್ರಾ, ಔಷಧದ ಅಂಗಡಿಗೆ ಹೋಗಿ" ಎಂದ. ನಾವು ಒಂದೊಂದು ಸೋಡಾ ಕುಡಿದು ಬಂದೆವು. ಅದೂ ಸಪ್ಪೆ, ದಾಮುವಿನ ಸೋಡಾದ ಹತ್ತಿರಕ್ಕೂ ಬರುವಂಥದಲ್ಲ.

ಇರಲಿ, ಹಿಂದಕ್ಕೆ ಹೋಗೋಣ. ಒಂದು ದಿನ ಲಾಂಚಿಗೆ ಒಬ್ಬ ಹಿರಿಯರೂ ಅವರ ಮಗಳೂ ಬಂದರು. ಆಚೆ ದಡದ ನೆಂಟರ ಮನೆಗೆ ಹೊರಟವರು. ಹುಡುಗಿ ಕಿಟಕಿಯ ಹತ್ತಿರ ಬಂದು ಎರಡು ಟಿಕೇಟು ಕೇಳಿದಳು. ನಾನು ಪುಸ್ತಕ ಕೈಯಲ್ಲಿ ಹಿಡಿದುಕೊಂಡು ಅವಳನ್ನೇ ನೋಡುತ್ತ ಕೂತೆ. "ಟಿಕೇಟು ಹರಿತ್ರಾ, ಇಲ್ಲ ನಾನೇ ಹರ್ಕೊಳ್ಳಲಾ?" ಎಂದಳು. ಹಿಂದಿನ ಸಾಲಿನವರು ನಕ್ಕರು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ದಿನದಿಂದ ಅನ್ನ ಸೇರಲಿಲ್ಲ ಎಂದೆಲ್ಲ ಹೇಳಿದರೆ ಸುಳ್ಳಾದೀತು, ಎರಡು ಹೊತ್ತೂ ಚೆನ್ನಾಗಿಯೇ ತಿಂದೆ. ಆದರೆ ಮದುವೆಯೆಂದು ಆದರೆ ಅವಳನ್ನೇ ಆಗಬೇಕು ಎಂದು ಮನಸ್ಸಿಗೆ ಗಟ್ಟಿಯಾಯಿತು.

ಇಸ್ಮಾಯಿಲನಿಗೆ ಹೇಳಿದೆ. ವರ್ಣನೆ ಕೇಳಿದ ಕೂಡಲೇ, "ಅದು ಹಿರೇಗುತ್ತಿ ಬೊಮ್ಮಯ್ಯ ಪಂಡಿತರ ಮಗಳು ಸುಶೀಲೆ. ನನ್ನ ಹತ್ರ ಸೀರೆ ತಕಳ್ಳೋರು" ಎಂದ. ಬೊಮ್ಮಯ್ಯ ಪಂಡಿತರು ನಾಟಿ ವೈದ್ಯರು, ನಾಡಿ ಹಿಡಿದು ಕಾಯಿಲೆ ಹೇಳುವುದರಲ್ಲಿ ಹೆಸರು ಮಾಡಿದವರು. ಶೆರೆಯೆಂದರೆ ಅವರಿಗೆ ಆಗದು. ಹಿಂದೆ ಬಂದ ಹುಡುಗನೊಬ್ಬನ ಬಾಯಿ ವಾಸನೆ ಬಂತೆಂದು ಕಾಲು ತೊಳೆಯುವ ನೀರನ್ನೂ ಕೊಡದೆ ಅಂಗಳದಿಂದಲೇ ಕಳಿಸಿದ್ದರಂತೆ. ಇಸ್ಮಾಯಿಲ್ ನನ್ನ ಪರವಾಗಿ ಮಾತಾಡಿದ. ಸಂಬಳದ ಕೆಲಸ, ಸಾಧು ಹುಡುಗ, ಮನೆಯಲ್ಲಿ ಅವ್ವ ಒಬ್ಬಳೇ ಎಂದ. ಅದೆಲ್ಲ ನಿಜವೇ. ಉಳಿದದ್ದನ್ನು ಅವರು ಕೇಳಲಿಲ್ಲ, ಅವನು ಹೇಳಲಿಲ್ಲ. ಪಂಡಿತರು ಹುಡುಗನ ಮನೆ ನೋಡಲು ಬರುತ್ತೇನೆ ಎಂದು ಹೇಳಿ ಕಳಿಸಿದರು.

ಸರಿಯಾಗಿ ಅದೇ ವಾರ, ಬಂದರಿನ ಅಂಗಡಿಗಳನ್ನು ಪೊಲೀಸರು ಶೋಧಿಸುತ್ತಾರೆ ಎಂಬ ಸುದ್ದಿ ಹಬ್ಬಿತು. ದಾಮು ಹೆದರಿ ಬಾಟ್ಲಿಯನ್ನೂ ಒಳಲೆಯನ್ನೂ ನನ್ನ ಚೀಲಕ್ಕೆ ತುರುಕಿದ. ನಾನು ಮಂಕಿಗೆ ಒಯ್ದು ಬಾಟ್ಲಿಯನ್ನು ಅಕ್ಕಿಯ ಡಬ್ಬದಲ್ಲಿ ಹುಗಿದಿಟ್ಟೆ. ಅಕ್ಕಿಯ ಡಬ್ಬದಲ್ಲಿ ಹುಗಿದಿಟ್ಟರೆ ಅವ್ವನಿಗೆ ಸಿಗುವುದಿಲ್ಲ ಎಂದುಕೊಂಡ ನನ್ನ ಬುದ್ಧಿಗೆ ಏನು ಹೇಳುವುದು. ಮಾರನೆಯ ಬೆಳಿಗ್ಗೆಯೇ ಬಾಟ್ಲಿ ಅವಳ ಕೈಯಲ್ಲಿತ್ತು.

"ಎಂತದು ತಮಾ ಇದು?"

"ಮಾಲ್ಟ್ ಅವ್ವ. ಔಷಧ."

"ಎಂತಕ್ಕೆ?"

"ಅಶಕ್ತಿಗೆ."

"ಅಶಕ್ತಿ ನಿಂಗಾ? ನಿನ್ನೆ ಹದ್ನೈದು ಇಡ್ಲಿ ತಿಂದವಂಗಾ?" ಎಂದು ಬಿರಡೆ ತೆಗೆದು ಮೂಸಿದಳು. "ತಿಗಣೆ ಔಷಧದಂಗೆ ನಾತ ಬತ್ತದೆ." ಆಮೇಲೆ ಚೀಲದಲ್ಲಿದ್ದ ಒಳಲೆ ಕಂಡಳು. ಒಳಲೆ ಕಂಡದ್ದೇ ಅವಳ ಅನುಮಾನವೆಲ್ಲ ಹೋಯಿತು. ಒಳಲೆಯಲ್ಲಿ ಕುಡಿಯುವಂಥದು ಕೆಟ್ಟದ್ದಾಗಲು ಸಾಧ್ಯವೇ ಇಲ್ಲ ಎಂಬುದು ಅವಳ ಧರ್ಮ. ಕಣ್ಣಲ್ಲಿ ನೀರು ತಂದುಕೊಂಡು, "ಅಶಕ್ತಿ ಅದೆ ಅಂತ ಅವ್ವನ ಹತ್ರ ಹೇಳೂಕೆ ನಾಚಿಕೆ ಎಂತಕ್ಕೆ" ಎಂದು ಒಂದು ಒಳಲೆ ಮಾಲ್ಟನ್ನು ಬಿಸಿ ಹಾಲಿಗೆ ಹಾಕಿ, ಜೋನಿಬೆಲ್ಲ ಬೆರೆಸಿ, ಮೇಲೆ ಮೆಣಸಿನ ಪುಡಿ ಉದುರಿಸಿ ತಂದಳು. ಎದುರಿಗೇ ನಿಂತು ಕುಡಿಸಿದಳು. ವಾರಕ್ಕೆ ಒಂದೇ ಸಲ ಕುಡಿಯುವ ಔಷಧ ಎಂದು ಹೇಳಿ ಉಳಿದದ್ದನ್ನು ಉಳಿಸಿದೆ. ಈ ಹಾಲಿನ ಸುದ್ದಿ ಕೇಳಿ ದಾಮು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಪೊಲೀಸರು ಬರಲಿಲ್ಲ, ಬಾಟ್ಲಿ ಅಂಗಡಿಗೆ ಮರಳಿತು. ನಾನು ಬಚಾವಾದೆ ಎಂದುಕೊಂಡೆ.

ಪಂಡಿತರು ಬಂದರು. ಮನೆ ನೋಡಿದರು, ಬಾವಿಯ ನೀರು ಕುಡಿದು ನೋಡಿದರು, ತಲೆಯಾಡಿಸಿದರು. ಎಲ್ಲ ಸುಸೂತ್ರ. ಕೊನೆಗೆ, "ಹುಡುಗನ ಅಭ್ಯಾಸ ಎಲ್ಲ ಹೆಂಗೆ?" ಎಂದು ಕೇಳಿದರು. ಇಷ್ಟು ಹೊತ್ತು ಇದಕ್ಕೇ ಕಾದಿದ್ದವಳ ಹಾಗೆ ಅವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ನಮ್ಮ ಹುಡುಗಂಗೆ ಬೀಡಿ ಇಲ್ಲ, ಎಲೆ ಇಲ್ಲ, ಶೆರೆ ಇಲ್ಲ. ವಾರಕ್ಕೊಂದು ಒಳಲೆ ಮಾಲ್ಟು, ಅಷ್ಟೇಯ."

ಪಂಡಿತರು ಲೋಟ ಕೆಳಗಿಟ್ಟರು. "ಮಾಲ್ಟಾ? ಈ ಪ್ರಾಯದಲ್ಲಿ? ಎಂತಕ್ಕೆ?"

"ಅಶಕ್ತಿ ಅದ್ಯಂತೆ" ಎಂದಳು ಅವ್ವ.

ಪಂಡಿತರು ನನ್ನ ಕೈ ಎಳೆದುಕೊಂಡು ನಾಡಿ ಹಿಡಿದರು. ಹೆದರಿಕೆಗೆ ಅದು ಹೇಗೆ ಓಡುತ್ತಿತ್ತೆಂದರೆ, ಅವರು ಹುಬ್ಬು ಗಂಟಿಕ್ಕಿ ಕಣ್ಣು ಮುಚ್ಚಿಬಿಟ್ಟರು. ಸಂಬಂಧ ಮುರಿದು ಎದ್ದುಹೋಗುತ್ತಾರೆ ಎಂದುಕೊಂಡೆ. ಆದರೆ ಕಣ್ಣು ತೆರೆದಾಗ ಅವರ ಮುಖದಲ್ಲಿ ಎಂಥದೋ ಹುರುಪು. "ಇಂಗ್ಲಿಷ್ ಔಷಧದಲ್ಲಿ ಎಂತ ಆತದೆ? ಇದು ಹಳೇ ವಾಯು, ನಾಡಿಗೆ ಏರಿದೆ. ನಾ ಗುಣ ಮಾಡ್ತೆ. ಮೊದಲು ಔಷಧ, ಆಮೇಲೆ ಮದುವೆ ಮಾತು. ಭಾನುವಾರ ಭಾನುವಾರ ಹಿರೇಗುತ್ತಿಗೆ ಕಳ್ಸಿ" ಎಂದರು.

ಹೀಗೆ ನಾನು ಕಾಯಿಲೆಯವನಾದೆ. ಪಥ್ಯದ ಮೊದಲ ಸಾಲಿನಲ್ಲೇ ಮೀನು ಹೋಯಿತು. ಸೋಡಾ ಹೋಯಿತು, ಹುಳಿ ಹೋಯಿತು, ಉಷ್ಣವೆಂದು ಮಾಲ್ಟೂ ಹೋಯಿತು. ಶನಿವಾರ ಹಿಂದಿನ ಕೋಣೆಯಲ್ಲಿ ನಾನು ಬರಿಗೈಯಲ್ಲಿ ಕೂತಿರುತ್ತಿದ್ದೆ, ದಾಮು ಒಬ್ಬನೇ ಒಳಲೆ ಎತ್ತುತ್ತಿದ್ದ, ಇಸ್ಮಾಯಿಲ್ ನನ್ನ ಪಾಲಿನ ಬಂಗಡೆಯನ್ನೂ ತಿನ್ನುತ್ತ ದುಃಖ ಪಡುತ್ತಿದ್ದ.

"ಕಾಯಿಲೆ ಇಲ್ಲ ಅಂತ ಹೇಳಿ ಮುಗ್ಸು ಬಾಬಾ" ಎಂದ ದಾಮು.

"ಹಂಗಾದ್ರೆ ಮಾಲ್ಟು ಎಂತಕ್ಕೆ ಕುಡಿತಿದ್ದೆ ಅಂತ ಕೇಳ್ತ್ರು. ಎಂತ ಹೇಳ್ಲಿ?"

ಕುಡಿಯುವವನು ಎಂದರೆ ಅಂಗಳದಿಂದಲೇ ಹೊರಗೆ. ಕಾಯಿಲೆಯವನು ಎಂದರೆ ಗುಣವಾಗುವವರೆಗೆ ಮದುವೆಯಿಲ್ಲ. ಇಲ್ಲದ ಕಾಯಿಲೆ ಗುಣವಾಗುವುದು ಹೇಗೆ ಎಂದು ನಾನು ಹೊಳೆಯ ಕಡೆ ನೋಡುತ್ತ ಟಿಕೇಟು ಹರಿಯುತ್ತಿದ್ದೆ. ಎಷ್ಟೋ ಜನರಿಗೆ ಒಂದರ ಬದಲು ಎರಡು ಹರಿದು ಕೊಟ್ಟೆ.

ಆದರೂ ಭಾನುವಾರ ಬಂತೆಂದರೆ ನಾನು ಕುಮಟೆಯಲ್ಲಿ ಬಸ್ಸು ಬದಲಿಸಿ, ಮದುವೆ ಮನೆಗೆ ಹೊರಟವನ ಹಾಗೆ ತಲೆ ಬಾಚಿಕೊಂಡು ಹಿರೇಗುತ್ತಿಗೆ ಹೋಗುತ್ತಿದ್ದೆ. ಯಾಕೆಂದರೆ ಕಷಾಯ ಅರೆದು, ಕುದಿಸಿ, ಬಟ್ಟಲಲ್ಲಿ ತಂದುಕೊಡುವವಳು ಸುಶೀಲೆ. ಬೇವು, ಅಮೃತಬಳ್ಳಿ, ಕಿರಾತಕಡ್ಡಿ, ಇನ್ನೂ ಹೆಸರು ತಿಳಿಯದ ಏನೇನೋ. ಒಂದು ಗುಟುಕಿಗೆ ಸತ್ತ ಅಜ್ಜ ಎದ್ದು ಕೂರಬೇಕು, ಅಂಥ ಕಹಿ. ಅವಳು ಬಾಗಿಲ ಹತ್ತಿರ ನಿಂತು ನಾನು ಕುಡಿಯುವುದನ್ನೇ ನೋಡುತ್ತಿದ್ದಳು. ನಾನು ಪಾಯಸ ಕುಡಿದವನ ಹಾಗೆ ಮುಖ ಮಾಡಲು ಹೋಗಿ ಇನ್ನಷ್ಟು ಕೆಟ್ಟದಾಗಿ ಕಾಣುತ್ತಿದ್ದೆ. ಅವಳು ಬಟ್ಟಲು ತೆಗೆದುಕೊಂಡು ಒಳಗೆ ಹೋದ ಮರುಕ್ಷಣವೇ ಪಂಡಿತರು ನನ್ನ ಕೈ ಹಿಡಿಯುವರು. ನಾಡಿ ಇನ್ನೇನಾಗಿರುತ್ತದೆ ಹೇಳಿ. "ಇನ್ನೂ ಓಡ್ತದೆ" ಎಂದು ಅವರು ಬೇರಿಗೆ ಬೇರು ಸೇರಿಸುವರು. ಮುಂದಿನ ವಾರ ಕಷಾಯ ಇನ್ನಷ್ಟು ಕಹಿ, ನಾಡಿ ಇನ್ನಷ್ಟು ಜೋರು. ಪಾಪ, ಆ ಮನುಷ್ಯ ರಾತ್ರಿಯೆಲ್ಲ ಓಲೆಗರಿ ತಿರುವಿ ಹಾಕುತ್ತಿದ್ದರಂತೆ. ತಮ್ಮ ಕೈಗುಣವೇ ಹೋಯಿತೋ ಎಂದು ಕೊರಗುತ್ತಿದ್ದರಂತೆ. ಈ ಹುಡುಗನ ಕಾಯಿಲೆ ದೊಡ್ಡದು, ಮಗಳಿಗೆ ಬೇರೆ ಕಡೆ ನೋಡುವುದೇ ಸರಿ ಎಂದು ನೆಂಟರು ಹೇಳತೊಡಗಿದ್ದಾರೆ ಎಂದು ಇಸ್ಮಾಯಿಲ್ ಸುದ್ದಿ ತಂದ. ಆಗ ಮಾತ್ರ ನನಗೆ ನಿಜವಾಗಿಯೂ ಅನ್ನ ಸೇರಲಿಲ್ಲ.

ಮುಂದಿನ ಭಾನುವಾರ ಎಲ್ಲ ಹೇಳಿಬಿಡುವುದು, ಆದದ್ದಾಗಲಿ ಎಂದು ನಿಶ್ಚಯಿಸಿಕೊಂಡು ಹೋದೆ. ಪಂಡಿತರು ಹಿತ್ತಲಲ್ಲಿ ಸೊಪ್ಪು ಕೊಯ್ಯುತ್ತಿದ್ದರು. ಜಗಲಿಯಲ್ಲಿ ನಾನೊಬ್ಬನೇ. ಸುಶೀಲೆ ಬಟ್ಟಲು ತಂದಿಟ್ಟಳು. ಅವತ್ತು ಬಾಗಿಲಿಗೆ ಹೋಗಿ ನಿಲ್ಲದೆ ಅಲ್ಲೇ ನಿಂತಳು.

"ಇಸ್ಮಾಯಿಲ್ ಭಾಯಿ ಮೊನ್ನೆ ಸೀರೆ ತಂದಿದ್ರು" ಎಂದಳು, ತಗ್ಗಿದ ದನಿಯಲ್ಲಿ. "ನಿಮ್ಗೆ ಎಂತ ಕಾಯಿಲೆ ಅಂತ ನಾನು ಕೇಳ್ದೆ."

ಕೇಳಿದರೆ ಅವನು ಹೇಳದೆ ಇರುವವನಲ್ಲ. "ಅಪ್ಪಂಗೆ ಹೇಳಿದ್ರಾ?" ಎಂದೆ.

"ಹೇಳೂದಾದ್ರೆ ನೀವು ಈ ಜಗಲಿ ಮೇಲೆ ಇರ್ತಿರ್ಲಿಲ್ಲ." ಹಿತ್ತಲ ಕಡೆ ಒಮ್ಮೆ ನೋಡಿ, "ಆ ಮಾಲ್ಟು ಈಗ ಎಲ್ಲದೆ?" ಎಂದಳು.

"ದಾಮು ಅಂಗಡೀಲಿ."

"ಅಲ್ಲೇ ಇರ್ಲಿ. ಮನೆಗೆ ಬರೂದು ಬೇಡ." ಯಾವ ಮನೆ ಎಂದು ನನಗೆ ತಿಳಿಯಲು ತುಸು ಹೊತ್ತು ಹಿಡಿಯಿತು. "ನೀವು ಬೇಗ ಗುಣ ಆಗಿ. ಕಾಯಿಲೆ ಇಲ್ಲದವ್ರಿಗೆ ಔಷಧ ಅರ್ದು ಅರ್ದು, ನನ್ನ ಕೈಯಲ್ಲಿ ಉಂಡ ಅನ್ನವೂ ಕಹಿ ಹತ್ತದೆ."

ಹಾಗೆಂದು ಒಳಗೆ ಹೋದಳು. ನಾನು ಕಷಾಯವನ್ನು ಒಂದೇ ಉಸಿರಿಗೆ ಕುಡಿದೆ, ಕಹಿ ಇತ್ತೋ ಇಲ್ಲವೋ ತಿಳಿಯಲಿಲ್ಲ. ಪಂಡಿತರು ಸೊಪ್ಪಿನ ಬುಟ್ಟಿ ಇಟ್ಟು, ಕೈ ಒರೆಸಿಕೊಂಡು ಬಂದು ಕೂತರು.

"ನಂಗೆ ಗುಣ ಆತು ಪಂಡಿತ್ರೆ" ಎಂದು ನಾನೇ ಕೈ ಚಾಚಿದೆ.

ಅವರು ನಾಡಿ ಹಿಡಿದರು. ಹಿಡಿದವರು ಬೆಚ್ಚಿಬಿದ್ದು ಇನ್ನೊಂದು ಕೈಯನ್ನೂ ಹಿಡಿದು ನೋಡಿದರು. ಅವರ ಮುಖ ಬಾಡಿಹೋಯಿತು.

"ಗುಣ ಎಲ್ಲಿ ಬಂತು ತಮಾ. ಇಷ್ಟು ದಿನದಲ್ಲಿ ಇಷ್ಟು ಜೋರು ಯಾವತ್ತೂ ಓಡಿಲ್ಲ. ಇನ್ನೂ ಎರಡು ತಿಂಗಳು ಔಷಧ ಬೇಕು. ಇಲ್ದಿದ್ರೆ ಈ ಸಂಬಂಧ..." ಎಂದು ಅರ್ಧಕ್ಕೇ ನಿಲ್ಲಿಸಿದರು.

ನಾನು ಬಾಯಿ ತೆರೆದೆ. ನಿಜ ಹೇಳಿಬಿಡೋಣವೆಂದು "ಪಂಡಿತ್ರೆ" ಎಂದೆ. ಅಷ್ಟರಲ್ಲಿ ಸುಶೀಲೆ ಬಾಗಿಲ ಹೊಸ್ತಿಲ ಮೇಲೆ ಬಂದು ನಿಂತಳು.

"ಅಪ್ಪಾ" ಎಂದಳು, "ಆ ನಾಡಿ ಇನ್ನು ಹಂಗೇ ಓಡ್ತದೆ. ನೀ ಮುಹೂರ್ತ ನೋಡು."

ಬೊಮ್ಮಯ್ಯ ಪಂಡಿತರು ಮಗಳನ್ನು ನೋಡಿದರು, ನನ್ನನ್ನು ನೋಡಿದರು, ತಾವು ಹಿಡಿದುಕೊಂಡಿದ್ದ ನನ್ನ ಕೈಯನ್ನು ನೋಡಿದರು. ಅದನ್ನು ಮೆಲ್ಲಗೆ ನನ್ನ ತೊಡೆಯ ಮೇಲೆ ಇಟ್ಟು, ಪಂಚಾಂಗ ತರಲು ಎದ್ದರು.